ಕಾರ್ಖಾನೆ ವಿಷ ಹೊಲಕ್ಕೆ ಇಳಿದರೆ: ಅಕ್ಕಪಕ್ಕದವರೆಲ್ಲ ಸೇರಿ ಕೇಸ್ ಹಾಕುವುದು ಹೇಗೆ

ಬೋರ್‌ವೆಲ್ ನೀರಿನ ಬಣ್ಣ ಬದಲಾದ ದಿನ ಮೊದಲು ಒಂದು ನೋಟ್‌ಬುಕ್ ತೆಗೆದು ತಾರೀಕು ಬರೆಯಿರಿ. ಯಾವ ಸರ್ವೆ ನಂಬರಿನ ಬೋರ್, ನೀರು ಯಾವ ಬಣ್ಣ, ಎಂಥ ವಾಸನೆ, ಹಿಂದಿನ ರಾತ್ರಿ ಮಳೆ ಬಂದಿತ್ತಾ, ಹಳ್ಳದಲ್ಲಿ ನೊರೆ ಇತ್ತಾ, ಎಲ್ಲ ಬರೆಯಿರಿ. ವಕೀಲರು, ಕೋರ್ಟು ಎಲ್ಲ ಆಮೇಲೆ. ನಮ್ಮ ಹೊಲಗಳು ಹಾಳಾದಾಗ ನಾವು ಮೊದಲ ಎಂಟು ತಿಂಗಳನ್ನು ಕಂಡಕಂಡವರಿಗೆ ಕೈಮುಗಿಯುವುದರಲ್ಲೇ ಕಳೆದೆವು. ಕೈಯಲ್ಲಿ ಒಂದು ಕಾಗದ ಇರಲಿಲ್ಲ. ಆ ಎಂಟು ತಿಂಗಳಲ್ಲಿ ಏನು ಕಳೆದುಕೊಂಡೆವು ಅಂತ ಮುಂದೆ ಹೇಳುತ್ತೇನೆ. ನಿಮಗೆ ಹಾಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. "ಕ್ಲಾಸ್ ಆಕ್ಷನ್ ಹಾಕೋಣ" ಅಂತ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಆ ಪದ ಬಂದಿರುವುದು ಅಮೆರಿಕದಿಂದ. ಅಲ್ಲಿ ನಾಲ್ಕೈದು ಜನ ಎಲ್ಲರ ಪರವಾಗಿ ಕೇಸ್ ಹಾಕುತ್ತಾರೆ, ಕೋರ್ಟ್ ಒಪ್ಪಿದರೆ ಅದೇ ತೊಂದರೆ ಅನುಭವಿಸಿದ ಸಾವಿರಾರು ಜನ ತಾವಾಗಿಯೇ ಅದರೊಳಗೆ ಸೇರಿಹೋಗುತ್ತಾರೆ, ಬೇಡ ಅನ್ನುವವರು ಮಾತ್ರ ಹೊರಗೆ ಹೋಗುತ್ತೇವೆ ಅಂತ ಬರೆದುಕೊಡಬೇಕು. ಗೆದ್ದ ಹಣದಲ್ಲಿ ವಕೀಲರಿಗೆ ಪಾಲು. ನಮ್ಮ ದೇಶದಲ್ಲಿ ಹಾಗೆ ನಡೆಯುವುದಿಲ್ಲ. ಗೆದ್ದರೆ ಇಷ್ಟು ಪರ್ಸೆಂಟ್ ಕೊಡಿ ಅಂತ ವಕೀಲರು ಕೇಳುವುದಕ್ಕೆ ಬಾರ್ ಕೌನ್ಸಿಲ್ ನಿಯಮವೇ ಬಿಡುವುದಿಲ್ಲ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 245ರಲ್ಲಿ ಈ ಥರದ್ದೊಂದು ಇದೆ, ಆದರೆ ಅದು ಷೇರುದಾರರಿಗೆ ಮತ್ತು ಠೇವಣಿ ಇಟ್ಟವರಿಗೆ. ಪಕ್ಕದ ಹೊಲದ ರೈತನಿಗಲ್ಲ.

ಹಾಗಾದರೆ ನಮಗೆ ಏನಿದೆ? ಎರಡು ದಾರಿ. ಒಂದು, ಸಿವಿಲ್ ಪ್ರೊಸೀಜರ್ ಕೋಡ್‌ನ ಆರ್ಡರ್ 1 ರೂಲ್ 8. ಒಂದೇ ಹಿತಾಸಕ್ತಿ ಇರುವ ತುಂಬಾ ಜನರ ಪರವಾಗಿ ಒಬ್ಬಿಬ್ಬರು ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು, ಉಳಿದವರಿಗೆಲ್ಲ ನೋಟಿಸ್ ಹೋಗಬೇಕು, ಇಲ್ಲದಿದ್ದರೆ ಪೇಪರ್‌ನಲ್ಲಿ ಪ್ರಕಟಣೆ ಕೊಡಬೇಕು. ಇನ್ನೊಂದು, ಪರಿಸರದ ಕೇಸುಗಳಿಗೆಂದೇ ಇರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಂದರೆ ಎನ್‌ಜಿಟಿ. ಕೈಗಾರಿಕಾ ಮಾಲಿನ್ಯಕ್ಕೆ ನಾನು ಹೇಳುವುದು ಎನ್‌ಜಿಟಿಯನ್ನೇ. ಕಾರಣವೂ ಗಟ್ಟಿಯಾಗಿದೆ. 2010ರ ಎನ್‌ಜಿಟಿ ಕಾಯ್ದೆಯ ಸೆಕ್ಷನ್ 29 ಪ್ರಕಾರ, ನ್ಯಾಯಮಂಡಳಿ ತೀರ್ಮಾನಿಸಬಹುದಾದ ಪರಿಹಾರದ ವಿಷಯವನ್ನು ಸಿವಿಲ್ ಕೋರ್ಟ್ ಕೈಗೆತ್ತಿಕೊಳ್ಳುವ ಹಾಗಿಲ್ಲ. ಊರಿನ ಕೋರ್ಟಿನಲ್ಲಿ ದಾವೆ ಹಾಕಿ, ಎರಡು ಮೂರು ವರ್ಷ ಓಡಾಡಿದ ಮೇಲೆ "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅನ್ನಿಸಿಕೊಂಡರೆ ಆ ವರ್ಷಗಳು ವಾಪಸ್ ಬರುವುದಿಲ್ಲ, ಅಲ್ವಾ? ನಿಮ್ಮ ವಕೀಲರಿಗೆ ಈ ಸೆಕ್ಷನ್ ಬಗ್ಗೆ ಮೊದಲ ದಿನವೇ ಕೇಳಿ. ಉತ್ತರ ಸ್ಪಷ್ಟವಾಗಿರದಿದ್ದರೆ ಬೇರೆ ವಕೀಲರನ್ನು ನೋಡಿ.

ಗಡುವು

ಎನ್‌ಜಿಟಿಯಲ್ಲಿ ಎರಡು ಗಡುವು ಇವೆ, ಇವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಮಾಲಿನ್ಯ ನಿಲ್ಲಿಸಿ ಅಂತ ಕೇಳುವ ಸೆಕ್ಷನ್ 14ರ ಅರ್ಜಿಗೆ, ತೊಂದರೆ ಮೊದಲು ಶುರುವಾದ ದಿನದಿಂದ 6 ತಿಂಗಳು. ಸರಿಯಾದ ಕಾರಣ ಕೊಟ್ಟರೆ ಇನ್ನೂ 60 ದಿನ. ಅದಕ್ಕಿಂತ ಆಚೆ ಇಲ್ಲ. ಪರಿಹಾರ ಕೊಡಿಸಿ, ಜಮೀನು ಸರಿಪಡಿಸಿಕೊಡಿ ಅಂತ ಕೇಳುವ ಸೆಕ್ಷನ್ 15ರ ಅರ್ಜಿಗೆ 5 ವರ್ಷ, ಅದರ ಮೇಲೆ 60 ದಿನ.

ನಾವು ಎಂಟು ತಿಂಗಳು ಕಳೆದೆವು ಅಂದೆನಲ್ಲ, ಲೆಕ್ಕ ಹಾಕಿ ನೋಡಿ. 6 ತಿಂಗಳು ಮತ್ತು 60 ದಿನ ಸರಿಯಾಗಿ ಅಷ್ಟೇ. ಸೆಕ್ಷನ್ 14ರ ಬಾಗಿಲು ನಮ್ಮ ಮುಖಕ್ಕೇ ಮುಚ್ಚಿತು. 15ರ ಅಡಿಯಲ್ಲಿ ಹೋದೆವು, ಆದರೆ "ಯಾವ ದಿನ ಶುರುವಾಯಿತು" ಅನ್ನುವ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ತಿಂಗಳು ಹೇಳಿದರು, ಎದುರು ಪಕ್ಷದ ವಕೀಲರು ಅದನ್ನೇ ಹಿಡಿದುಕೊಂಡರು. ನೋಟ್‌ಬುಕ್ ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಸ್ಯಾಂಪಲ್: ಕೇಸಿನ ಜೀವ ಇರುವುದು ಇಲ್ಲಿ

ಬಹಳ ಜನ ಖಾಲಿ ನೀರಿನ ಬಾಟಲಿಯಲ್ಲಿ ಬೋರ್ ನೀರು ತುಂಬಿಕೊಂಡು ಲ್ಯಾಬ್‌ಗೆ ಹೋಗುತ್ತಾರೆ. ಹಣ ಕೊಡುತ್ತಾರೆ, ರಿಪೋರ್ಟ್ ಬರುತ್ತದೆ, ಕೊನೆಗೆ ಅದು ನಿಲ್ಲುವುದಿಲ್ಲ. ರಿಪೋರ್ಟಿನ ಮೂಲೆಯಲ್ಲಿ "ಸ್ಯಾಂಪಲ್ ಪಾರ್ಟಿಯವರೇ ತಂದುಕೊಟ್ಟದ್ದು" ಅಂತ ಒಂದು ಸಾಲು ಇರುತ್ತದೆ. ಆ ಒಂದು ಸಾಲು ಸಾಕು, "ಇವರೇ ಏನೋ ಬೆರೆಸಿ ತಂದಿರಬಹುದು" ಅಂತ ಕಂಪನಿ ಕಡೆಯವರು ಹೇಳುವುದಕ್ಕೆ. ಆದ್ದರಿಂದ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಹುಡುಕಿ, ಅವರ ಸಿಬ್ಬಂದಿಯೇ ಜಾಗಕ್ಕೆ ಬಂದು ಸ್ಯಾಂಪಲ್ ತೆಗೆಯುವ ಹಾಗೆ ಮಾಡಿ. ಸ್ವಲ್ಪ ಜಾಸ್ತಿ ಖರ್ಚು ಬೀಳುತ್ತದೆ, ಬೀಳಲಿ. ಮಾನ್ಯತೆ ಇದ್ದರಷ್ಟೇ ಸಾಲದು, ನಿಮಗೆ ಬೇಕಾದ ಪರೀಕ್ಷೆ ಆ ಮಾನ್ಯತೆಯ ಪಟ್ಟಿಯೊಳಗೆ ಇದೆಯಾ ಅಂತಲೂ ಕೇಳಿ.

ತೆಗೆಯುವಾಗ ನೀವು ಪಕ್ಕದಲ್ಲೇ ನಿಂತು ನೋಡಬೇಕಾದ ಕೆಲವು ವಿಷಯಗಳಿವೆ. ಬೋರ್ ಅನ್ನು ಸ್ವಲ್ಪ ಹೊತ್ತು ಓಡಿಸಿ, ಪೈಪಿನಲ್ಲಿ ನಿಂತ ಹಳೇ ನೀರು ಹೋದ ಮೇಲೆ ತುಂಬಬೇಕು. ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಥರದ ಲೋಹ ನೋಡಬೇಕಾದರೆ ಆ ಬಾಟಲಿಗೆ ನೈಟ್ರಿಕ್ ಆಸಿಡ್ ಹಾಕಿರುತ್ತಾರೆ, ಇಲ್ಲದಿದ್ದರೆ ಲೋಹ ಬಾಟಲಿಯ ಒಳಮೈಗೆ ಅಂಟಿಕೊಂಡು ಲೆಕ್ಕ ಕಡಿಮೆ ಬರುತ್ತದೆ. ಔಷಧ, ಬಣ್ಣದ ಕಾರ್ಖಾನೆಗಳ ಸಾಲ್ವೆಂಟ್ (ಬೇಗ ಆವಿಯಾಗುವ ದ್ರಾವಕ) ಪರೀಕ್ಷೆಗೆ ಗಾಜಿನ ಪುಟ್ಟ ಸೀಸೆ, ಒಂದು ಗುಳ್ಳೆಯೂ ಇಲ್ಲದ ಹಾಗೆ ಬಾಯಿತನಕ ತುಂಬಬೇಕು, ಗಾಳಿ ಇದ್ದರೆ ಸಾಲ್ವೆಂಟ್ ಅದರೊಳಗೆ ಹಾರಿಹೋಗುತ್ತದೆ. ಎಲ್ಲವೂ ಐಸ್ ಪೆಟ್ಟಿಗೆಯಲ್ಲಿ ಹೋಗಬೇಕು. ಪ್ರತಿ ಬಾಟಲಿಗೂ ಸೀಲು, ನಂಬರು, ಸಮಯ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ಸಹಿ ಇರಬೇಕು. ಮೊಬೈಲ್‌ನಲ್ಲಿ ಲೊಕೇಶನ್ ಆನ್ ಮಾಡಿ ವಿಡಿಯೊ ತೆಗೆಯಿರಿ.

ಎಲ್ಲಿಂದ ತೆಗೆಯಬೇಕು ಅನ್ನುವುದೂ ಅಷ್ಟೇ ಮುಖ್ಯ. ಹಾಳಾದ ಬೋರ್‌ನಿಂದ ಮಾತ್ರ ತೆಗೆದರೆ ಅರ್ಧ ಕೆಲಸ ಆದ ಹಾಗೆ. ಕಾರ್ಖಾನೆಗಿಂತ ಮೇಲ್ಭಾಗದಲ್ಲಿ, ನೀರು ಹರಿದು ಬರುವ ಕಡೆ ಇರುವ ಚೆನ್ನಾಗಿರುವ ಒಂದು ಬೋರ್‌ನಿಂದಲೂ ತೆಗೆಸಿ. ಮೇಲೆ ಒಳ್ಳೆ ನೀರು, ಕಾರ್ಖಾನೆ ದಾಟಿದ ಮೇಲೆ ಕೆಟ್ಟ ನೀರು, ಇದೇ ನಿಮ್ಮ ಕಥೆ. ಈ ಹೋಲಿಕೆ ಇಲ್ಲದಿದ್ದರೆ "ಇಲ್ಲಿನ ನೀರೇ ಹೀಗೆ, ಗೊಬ್ಬರ ಜಾಸ್ತಿ ಹಾಕಿದ್ದಾರೆ" ಅಂತ ಹೇಳಿಬಿಡುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ ಮುಂತಾದವುಗಳ ಒಟ್ಟು ಲೆಕ್ಕ) ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಸಿಗದ ಕಡೆ 2000. ರಿಪೋರ್ಟ್ ಕೈಗೆ ಬಂದಾಗ ಇದರ ಜೊತೆ ಹಿಡಿದು ನೋಡಿ.

ಮಣ್ಣಿನ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. 2015ರಿಂದ ಸರ್ಕಾರ ಮಣ್ಣು ಆರೋಗ್ಯ ಕಾರ್ಡ್ ಕೊಡುತ್ತಿದೆಯಲ್ಲ, ಅದರಲ್ಲಿ 12 ಅಂಶ ಇರುತ್ತವೆ. ಪಿಎಚ್, ಲವಣಾಂಶ, ಸತು, ತಾಮ್ರ, ಕಬ್ಬಿಣ ಎಲ್ಲ ಇರುತ್ತದೆ. ಕಾರ್ಖಾನೆ ಬರುವ ಮುಂಚಿನ ಕಾರ್ಡ್ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ಅದು ಬಂಗಾರ. "ಮೊದಲು ಹೀಗಿತ್ತು" ಅಂತ ಸರ್ಕಾರಿ ಕಾಗದವೇ ಹೇಳುತ್ತದೆ. ನಮ್ಮ ಗುಂಪಿನಲ್ಲಿ ಇಬ್ಬರ ಹತ್ತಿರ ಮಾತ್ರ ಸಿಕ್ಕಿತು, ಆ ಎರಡೇ ಕಾಗದ ತುಂಬಾ ಕೆಲಸ ಮಾಡಿದವು.

ಸರ್ಕಾರಿ ಕಡತದಲ್ಲೇ ಅರ್ಧ ಸಾಕ್ಷಿ ಇದೆ

ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ. ಬಾಯಿಮಾತು, ಫೋನ್ ಲೆಕ್ಕಕ್ಕಿಲ್ಲ. ಒಂದು ಪ್ರತಿಯ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ, ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಜಿಲ್ಲಾಧಿಕಾರಿಗೂ ಒಂದು ಪ್ರತಿ ಕಳಿಸಿ. ಅಧಿಕಾರಿಗಳು ಸ್ಯಾಂಪಲ್ ತೆಗೆಯಲು ಬರುತ್ತಾರೆ, ಬಂದಾಗ ಹೊಲದಲ್ಲಿ ನೀವಿರಬೇಕು. ಮಹಜರಿಗೆ ಸಹಿ ಹಾಕುವ ಮುಂಚೆ ಪೂರ್ತಿ ಓದಿ. ನೀವು ತೋರಿಸಿದ ಬೋರ್ ಬಿಟ್ಟು ಬೇರೆ ಬೋರ್‌ನಿಂದ ತೆಗೆದಿದ್ದರೆ ಅದನ್ನು ಅಲ್ಲೇ ಬರೆದು ಸಹಿ ಹಾಕಿ.

ಜೊತೆಗೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ. ಫೀಸು 10 ರೂಪಾಯಿ, ಉತ್ತರಕ್ಕೆ 30 ದಿನ. ಸುಮ್ನೆ "ಕಾರ್ಖಾನೆಯ ಮಾಹಿತಿ ಕೊಡಿ" ಅಂತ ಕೇಳಿದರೆ ಏನೂ ಸಿಗುವುದಿಲ್ಲ. ಹೆಸರು ಹಿಡಿದು ಕೇಳಬೇಕು. ಜಲ ಕಾಯ್ದೆ ಮತ್ತು ವಾಯು ಕಾಯ್ದೆಯಡಿ ಕೊಟ್ಟ ಕಾರ್ಯಾಚರಣೆಯ ಸಮ್ಮತಿ ಪತ್ರ, ಅದರ ಷರತ್ತುಗಳು, ಕಳೆದ ಐದು ವರ್ಷದ ತಪಾಸಣೆ ವರದಿ, ತ್ಯಾಜ್ಯ ನೀರಿನ ಪರೀಕ್ಷೆಯ ಫಲಿತಾಂಶ, ಕೊಟ್ಟ ಶೋಕಾಸ್ ನೋಟಿಸ್‌ಗಳು, ಅಪಾಯಕಾರಿ ತ್ಯಾಜ್ಯದ ವಾರ್ಷಿಕ ಲೆಕ್ಕ, ಅದನ್ನು ಸಾಗಿಸಿದ ಲಾರಿಯ ಮ್ಯಾನಿಫೆಸ್ಟ್ (ಸಾಗಣೆ ಚೀಟಿ). ಈ ಸಮ್ಮತಿ ಪತ್ರ ಬೇಕಾದ ಪ್ರತಿ ಕಾರ್ಖಾನೆಯೂ ವರ್ಷಕ್ಕೊಮ್ಮೆ ಸೆಪ್ಟೆಂಬರ್ 30ರೊಳಗೆ ಫಾರಂ 5ರಲ್ಲಿ ಪರಿಸರ ವಿವರಣೆ ಸಲ್ಲಿಸಬೇಕು, ಅದನ್ನೂ ಕೇಳಿ. ಒಂದು ಕಾಗದ ಇಷ್ಟು ಟನ್ ತ್ಯಾಜ್ಯ ಹುಟ್ಟಿತು ಅನ್ನುತ್ತದೆ, ಇನ್ನೊಂದು ಅದಕ್ಕಿಂತ ಕಡಿಮೆ ಸಾಗಿಸಿದೆವು ಅನ್ನುತ್ತದೆ. ಆ ವ್ಯತ್ಯಾಸದ ತ್ಯಾಜ್ಯ ಎಲ್ಲಿ ಹೋಯಿತು? ಇದನ್ನು ನ್ಯಾಯಮಂಡಳಿಯ ಮುಂದೆ ಕೇಳಿದರೆ ಅವರು ಉತ್ತರ ಕೊಡಲೇಬೇಕಾಗುತ್ತದೆ.

ಪರಿಸರ ಅನುಮತಿ ಪಡೆದ ಯೋಜನೆ ಆಗಿದ್ದರೆ ಅದರ ಕಾಗದಗಳು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಸಿಗುತ್ತವೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ನೋಡಬಹುದು, ಕೊಳಚೆ ಹೊಂಡ ಯಾವಾಗ ಬಂತು, ಹಸಿರು ಯಾವಾಗ ಹೋಯಿತು ಅನ್ನುವುದು ಅದರಲ್ಲಿ ಕಾಣುತ್ತದೆ.

ಗುಂಪು ಕಟ್ಟುವುದು

ಒಬ್ಬರೇ ಹೋಗಬಹುದು, ಕಾನೂನು ಅಡ್ಡ ಬರುವುದಿಲ್ಲ. ಆದರೆ ಒಬ್ಬರ ಹೊಲ ಹಾಳಾದರೆ ಅವರ ನಸೀಬು ಅನ್ನುತ್ತಾರೆ, 30 ಹೊಲ ಒಂದೇ ದಿಕ್ಕಿನಲ್ಲಿ ಸಾಲಾಗಿ ಹಾಳಾದರೆ ಹಾಗೆ ಅನ್ನಲು ಬರುವುದಿಲ್ಲ. ಲ್ಯಾಬ್ ಖರ್ಚೂ ಹಂಚಿಹೋಗುತ್ತದೆ. ಎನ್‌ಜಿಟಿಯಲ್ಲಿ ಆಸ್ತಿಯ ಮಾಲೀಕರು, ಸತ್ತವರ ವಾರಸುದಾರರು, ತೊಂದರೆಗೊಳಗಾದವರ ಸಂಘ, ಯಾರು ಬೇಕಾದರೂ ಅರ್ಜಿ ಹಾಕಬಹುದು, ಸೆಕ್ಷನ್ 18 ಅದನ್ನು ಹೇಳುತ್ತದೆ. ಸಂಘದ ಹೆಸರಿನಲ್ಲಿ ಹಾಕಿದರೂ ಮುಖ್ಯ ಜಮೀನುದಾರರ ಹೆಸರನ್ನು ಅರ್ಜಿದಾರರಾಗಿ ಸೇರಿಸುವುದು ಒಳ್ಳೆಯದು ಅನ್ನುವುದು ನನ್ನ ಅನಿಸಿಕೆ. ನಷ್ಟ ಆಗಿರುವುದು ಅವರಿಗೆ.

ಒಂದು ದೊಡ್ಡ ಹಾಳೆಯಲ್ಲಿ ಪಟ್ಟಿ ಮಾಡಿ: ಹೆಸರು, ಸರ್ವೆ ನಂಬರ್, ಎಷ್ಟು ಎಕರೆ ಎಷ್ಟು ಗುಂಟೆ, ಪಹಣಿ ಯಾರ ಹೆಸರಿನಲ್ಲಿದೆ, ಬೋರ್ ಎಷ್ಟು ಅಡಿ, ಯಾವ ತಿಂಗಳಲ್ಲಿ ಕೆಟ್ಟಿತು, ಯಾವ ಬೆಳೆ ಹೋಯಿತು. ಪಹಣಿ ಇನ್ನೂ ತೀರಿಕೊಂಡ ಅಪ್ಪನ, ಅಜ್ಜನ ಹೆಸರಲ್ಲೇ ಇದ್ದರೆ ಈಗಲೇ ಪೌತಿ ಖಾತೆ ಮಾಡಿಸಿಕೊಳ್ಳಿ. ಪರಿಹಾರದ ಹಂತದಲ್ಲಿ ಅಣ್ಣತಮ್ಮಂದಿರ ಜಗಳ ಶುರುವಾದರೆ ಹಣ ಅಲ್ಲೇ ನಿಂತುಬಿಡುತ್ತದೆ. ಗೇಣಿಗೆ ಮಾಡುವವರನ್ನು ಮರೆಯಬೇಡಿ. ಜಮೀನು ಅವರದ್ದಲ್ಲ, ಆದರೆ ಸುಟ್ಟುಹೋದ ಬೆಳೆ ಅವರದ್ದು.

ಶುರುವಿನಲ್ಲೇ ಒಂದು ಒಪ್ಪಂದ ಬರೆದು ಎಲ್ಲರೂ ಸಹಿ ಹಾಕಿ. ಖರ್ಚು ಎಕರೆ ಲೆಕ್ಕದಲ್ಲಾ, ಮನೆ ಲೆಕ್ಕದಲ್ಲಾ? ವಕೀಲರ ಜೊತೆ ಮಾತಾಡುವವರು ಯಾರು? ರಾಜಿಗೆ ಬಂದರೆ ಎಷ್ಟು ಜನ ಒಪ್ಪಬೇಕು? ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ. ಇದೆಲ್ಲ ಸಂಕೋಚದ ವಿಷಯ, ನನಗೆ ಗೊತ್ತು, ಅಕ್ಕಪಕ್ಕದವರ ಹತ್ತಿರ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಹೇಗೆ ಅನ್ನಿಸುತ್ತದೆ, ಆದರೂ ಮಾಡಿ. ಕೇಸ್ ಶುರುವಾಗಿ ಸ್ವಲ್ಪ ದಿನಕ್ಕೆ ಕಂಪನಿ ಕಡೆಯವರು ಒಬ್ಬೊಬ್ಬರ ಮನೆಗೆ ಬೇರೆ ಬೇರೆಯಾಗಿ ಬರುತ್ತಾರೆ. ಒಬ್ಬರಿಗೆ ಮಗನಿಗೆ ಕೆಲಸ, ಇನ್ನೊಬ್ಬರಿಗೆ ಹೊಸ ಬೋರ್, ಮತ್ತೊಬ್ಬರಿಗೆ ಕೈಗೆ ನಗದು. ತಗೊಂಡವರನ್ನು ನಾನು ಬೈಯುವುದಿಲ್ಲ, ಮನೆಯಲ್ಲಿ ಕಷ್ಟ ಇರುತ್ತದೆ. ಆದರೆ ಹಣದ ಜೊತೆ ಬರುವ ಕಾಗದದಲ್ಲಿ "ಇನ್ನು ಮುಂದೆ ನನ್ನದೇನೂ ತಕರಾರಿಲ್ಲ" ಅಂತ ಇರುತ್ತದೆ. ಅದನ್ನು ವಕೀಲರಿಗೆ ತೋರಿಸದೆ ಯಾರೂ ಸಹಿ ಹಾಕಬಾರದು ಅಂತ ಒಪ್ಪಂದದಲ್ಲೇ ಬರೆಯಿರಿ. ಬೇರೆ ಕೋರ್ಟ್ ಅಥವಾ ಪ್ರಾಧಿಕಾರದಿಂದ ಪರಿಹಾರ ಪಡೆದಿದ್ದರೆ ಅದನ್ನು ನ್ಯಾಯಮಂಡಳಿಗೆ ತಿಳಿಸಲೇಬೇಕು ಅಂತ ಸೆಕ್ಷನ್ 15 ಹೇಳುತ್ತದೆ, ಮುಚ್ಚಿಟ್ಟರೆ ಇಡೀ ಗುಂಪಿನ ಮಾತಿಗೆ ಬೆಲೆ ಹೋಗುತ್ತದೆ.

ಅರ್ಜಿ, ಫೀಸು, ಲೆಕ್ಕ

ಕರ್ನಾಟಕದವರಿಗೆ ಎನ್‌ಜಿಟಿಯ ದಕ್ಷಿಣ ಪೀಠ, ಅದು ಚೆನ್ನೈಯಲ್ಲಿದೆ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಕನ್ನಡದ ಪಹಣಿ, ಮಹಜರು, ದೂರಿನ ಪ್ರತಿಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ. ಪರಿಹಾರ ಕೇಳದಿದ್ದರೆ ಫೀಸು 1,000 ರೂಪಾಯಿ. ಪರಿಹಾರ ಕೇಳಿದರೆ ಕೇಳಿದ ಮೊತ್ತದ 1 ಪರ್ಸೆಂಟ್, ಅಂದರೆ 2 ಕೋಟಿ ಕೇಳಿದರೆ 2 ಲಕ್ಷ. ಬಡತನ ರೇಖೆಗಿಂತ ಕೆಳಗಿರುವವರಿಗೆ ಫೀಸು ಇಲ್ಲ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಆದಾಯ ಕಡಿಮೆ ಇರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಬಾಯಿಗೆ ಬಂದ ಅಂಕಿ ಕೇಳುವುದು ಬೇಡ ಅನ್ನುವುದಕ್ಕೆ ಈ 1 ಪರ್ಸೆಂಟೇ ಸಾಕು. ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಯಾವುದಕ್ಕೆಲ್ಲ ಪರಿಹಾರ ಕೇಳಬಹುದು ಅಂತ ಪಟ್ಟಿ ಇದೆ. ಖಾಸಗಿ ಆಸ್ತಿಗೆ ಆದ ಹಾನಿ, ಬೆಳೆ, ತರಕಾರಿ, ಮರ, ತೋಟ, ಹಾಲು ಕೊಡುವ ಮತ್ತು ಉಳುವ ದನ, ಮಣ್ಣು ಮತ್ತು ನೀರಿನ ಮಾಲಿನ್ಯ, ಕಾಯಿಲೆ, ಆಸ್ಪತ್ರೆ ಖರ್ಚು, ಹೋದ ಕೂಲಿ. ಪ್ರತಿಯೊಂದಕ್ಕೂ ಒಂದು ಕಾಗದ ಹೊಂದಿಸಿ. ಹಿಂದಿನ ಮೂರು ವರ್ಷ ಮಂಡಿಗೆ ಹಾಕಿದ ಚೀಟಿ, ಟ್ಯಾಂಕರ್ ನೀರಿನ ಬಿಲ್, ಡೈರಿಯ ಹಾಲಿನ ಪಾಸ್‌ಬುಕ್. ಹಸು ಸತ್ತರೆ ಹೂಳುವ ಮುಂಚೆ ಪಶುವೈದ್ಯರಿಂದ ಪೋಸ್ಟ್ ಮಾರ್ಟಂ ಮಾಡಿಸಲೇಬೇಕು. ಆ ದುಃಖದಲ್ಲಿ ಇದು ನೆನಪಿಗೆ ಬರುವುದಿಲ್ಲ, ಆದ್ದರಿಂದ ಈಗಲೇ ಮನೆಯವರಿಗೆಲ್ಲ ಹೇಳಿಡಿ.

ಬರೀ ಹಣ ಕೇಳಬೇಡಿ. ತ್ಯಾಜ್ಯ ಬಿಡುವುದನ್ನು ತಕ್ಷಣ ನಿಲ್ಲಿಸಿ, ಕೇಸ್ ಮುಗಿಯುವ ತನಕ ಕಂಪನಿ ಖರ್ಚಿನಲ್ಲಿ ಕುಡಿಯುವ ನೀರು ಕೊಡಿಸಿ, ಬೇರೆ ಬೇರೆ ಇಲಾಖೆಗಳ ಜಂಟಿ ಸಮಿತಿ ಕಳಿಸಿ ಪರೀಕ್ಷೆ ಮಾಡಿಸಿ, ಮಣ್ಣು ಮತ್ತು ಅಂತರ್ಜಲ ಶುದ್ಧ ಮಾಡಿಸಿ ಅಂತಲೂ ಕೇಳಿ. ಮಧ್ಯಂತರವಾಗಿ ಮೊದಲು ಸಿಗುವುದು ಹೆಚ್ಚಾಗಿ ಜಂಟಿ ಸಮಿತಿಯೇ. ಆ ಸಮಿತಿಯ ವರದಿ ಮೇಲೆ ಕೇಸ್ ನಿಂತಿರುತ್ತದೆ, ಅವರು ಬರುವ ದಿನ ಸರ್ವೆ ನಂಬರ್ ಹಾಕಿದ ನಕ್ಷೆಯ ಜೊತೆ ಎಲ್ಲರೂ ಅಲ್ಲಿರಿ. ವರದಿಯಲ್ಲಿ ತಪ್ಪಿದ್ದರೆ ಆಕ್ಷೇಪಣೆಯನ್ನು ಲಿಖಿತವಾಗಿ, ಕೊಟ್ಟ ಸಮಯದೊಳಗೆ ಹಾಕಿ.

"ನಮ್ಮ ಕಾರ್ಖಾನೆ ಅಲ್ಲ, ಪಕ್ಕದ್ದು" ಅನ್ನುವ ವಾದ ಬಂದೇ ಬರುತ್ತದೆ. ಕೈಗಾರಿಕಾ ಪ್ರದೇಶದಲ್ಲಿ ಹತ್ತು ಕಾರ್ಖಾನೆ ಇದ್ದರೆ ಜನ ಇಲ್ಲೇ ಕೈಚೆಲ್ಲುತ್ತಾರೆ. ಚೆಲ್ಲಬೇಕಾಗಿಲ್ಲ. ಹಲವು ಚಟುವಟಿಕೆಗಳು ಸೇರಿ ಹಾನಿಯಾಗಿ, ಯಾರದೆಷ್ಟು ಅಂತ ಬೇರ್ಪಡಿಸಲು ಆಗದಿದ್ದರೆ ಹೊಣೆಯನ್ನು ನ್ಯಾಯವಾಗಿ ಹಂಚಬಹುದು ಅಂತ ಸೆಕ್ಷನ್ 17 ಹೇಳುತ್ತದೆ. ಎಲ್ಲರನ್ನೂ ಪ್ರತಿವಾದಿ ಮಾಡಿ, ಮಾಲಿನ್ಯ ಮಂಡಳಿಯನ್ನೂ ಮಾಡಿ. "ನಾವು ಎಲ್ಲ ಎಚ್ಚರಿಕೆ ತಗೊಂಡಿದ್ದೆವು" ಅನ್ನುವುದೂ ನಡೆಯುವುದಿಲ್ಲ. ಅಪಾಯಕಾರಿ ಉದ್ಯಮ ನಡೆಸುವವರು ಎಷ್ಟೇ ಎಚ್ಚರಿಕೆ ತಗೊಂಡಿದ್ದರೂ ಹಾನಿಗೆ ಪೂರ್ತಿ ಹೊಣೆ ಅಂತ ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರ ಡಿಸೆಂಬರ್‌ನಲ್ಲೇ ಹೇಳಿದೆ.

ಎಷ್ಟು ದಿನ ಹಿಡಿಯುತ್ತದೆ?

ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ಅದನ್ನು ನಂಬಿ ಸಾಲ ಮಾಡಬೇಡಿ. ರಾಜಸ್ಥಾನದ ಉದಯಪುರದ ಹತ್ತಿರ ಬಿಛ್ರಿ ಅನ್ನುವ ಹಳ್ಳಿ ಇದೆ. ಬಣ್ಣ ತಯಾರಿಕೆಗೆ ಬೇಕಾದ ಎಚ್ ಆಸಿಡ್ ಮಾಡುವ ಕಾರ್ಖಾನೆಯ ತ್ಯಾಜ್ಯದಿಂದ ಅಲ್ಲಿನ ಬಾವಿ, ಹೊಲ ಎಲ್ಲ ಹಾಳಾದವು. 1989ರಲ್ಲಿ ಅರ್ಜಿ ಹಾಕಿದರು. 1996ರಲ್ಲಿ ಮಾಲಿನ್ಯ ಮಾಡಿದವರೇ ಖರ್ಚು ಭರಿಸಬೇಕು ಅಂತ ತೀರ್ಪು ಬಂತು. ಶುದ್ಧ ಮಾಡುವ ಖರ್ಚು 37.385 ಕೋಟಿ ಅಂತ ಲೆಕ್ಕವಾಯಿತು, ಕಂಪನಿಗಳು ಒಂದರ ಮೇಲೊಂದು ಅರ್ಜಿ ಹಾಕುತ್ತಾ ಹೋದವು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಹಣವನ್ನು 12 ಪರ್ಸೆಂಟ್ ಚಕ್ರಬಡ್ಡಿ ಸೇರಿಸಿ ಕಟ್ಟಲು ಹೇಳಿತು. ಎಳೆದಷ್ಟೂ ಬಡ್ಡಿ ಬೆಳೆಯುತ್ತದೆ ಅನ್ನುವುದು ಇದರಿಂದ ನಮಗೆ ಸಿಕ್ಕ ಅಸ್ತ್ರ. ನಿಮ್ಮ ಅರ್ಜಿಯಲ್ಲೂ ಬಡ್ಡಿ ಕೇಳಲು ಮರೆಯಬೇಡಿ.

ತಮಿಳುನಾಡಿನ ಚರ್ಮ ಹದಗೊಳಿಸುವ ಕಾರ್ಖಾನೆಗಳ ಪ್ರಕರಣವೂ 1996ರದ್ದೇ. ಸುಮಾರು 35,000 ಹೆಕ್ಟೇರ್ ಕೃಷಿ ಭೂಮಿ ಪೂರ್ತಿಯಾಗಿಯೋ ಸ್ವಲ್ಪವೋ ಬೇಸಾಯಕ್ಕೆ ಬಾರದ ಹಾಗೆ ಆಗಿದೆ ಅಂತ ಸಮೀಕ್ಷೆ ಹೇಳಿತ್ತು. ಅಲ್ಲಿ ಕೋರ್ಟ್ ಹೇಳಿದ್ದು ಒಂದು ಪ್ರಾಧಿಕಾರ ಮಾಡಿ, ತೊಂದರೆಗೊಳಗಾದ ಕುಟುಂಬಗಳನ್ನು ಗುರುತಿಸಿ ಪರಿಹಾರ ಕೊಡಿ ಅಂತ. ಹಾಗೆ ಗುರುತಿಸುವ ಅಧಿಕಾರಿ ಊರಿಗೆ ಬಂದ ದಿನ ನೀವು ಮಾಡಿಟ್ಟ ಆ ದೊಡ್ಡ ಹಾಳೆಯ ಪಟ್ಟಿ ಬೇಕಾಗುತ್ತದೆ.

ಆದೇಶ ನಿಮ್ಮ ಪರ ಬಂದರೆ ಎದುರಿನವರು 90 ದಿನದೊಳಗೆ ಸುಪ್ರೀಂ ಕೋರ್ಟಿಗೆ ಹೋಗಬಹುದು. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ನಿಮಗೂ ಅಷ್ಟೇ ದಿನ. ಕಟ್ಟದೆ ಸುಮ್ಮನಿದ್ದರೆ ಎನ್‌ಜಿಟಿ ಆದೇಶವನ್ನು ಸಿವಿಲ್ ಕೋರ್ಟಿನ ಡಿಕ್ರಿಯ ಹಾಗೆ ಜಾರಿ ಮಾಡಿಸಬಹುದು, ಅದಕ್ಕೆ ಬೇರೆ ಅರ್ಜಿ ಹಾಕಬೇಕು. ಶುದ್ಧೀಕರಣದ ಕೆಲಸ ಶುರುವಾದ ಮೇಲೂ ಮೂರು ತಿಂಗಳಿಗೊಮ್ಮೆ ಅದೇ ಬೋರ್‌ಗಳಿಂದ, ಅದೇ ಲ್ಯಾಬ್‌ನಿಂದ ಸ್ಯಾಂಪಲ್ ತೆಗೆಸುತ್ತಾ ಇರಿ, ಅಂಕಿಗಳನ್ನು ಅದೇ ನೋಟ್‌ಬುಕ್‌ನಲ್ಲಿ ಬರೆಯಿರಿ. ಶುದ್ಧೀಕರಣ ಮುಗಿಯುವವರೆಗೆ ಹಾಳಾದ ಮಣ್ಣನ್ನು ಅಗೆದು ಬೇರೆ ಹೊಲಕ್ಕೆ ಹಾಕಬೇಡಿ, ಕೆರೆ ಮಣ್ಣು ಹೊಡೆಸಿ ಮೇಲೆ ಮುಚ್ಚಲೂ ಬೇಡಿ.